ಹಾರ ನುಂಗಿದ ಕ್ಯಾಮೆರಾ

ರಾಮದುರ್ಗದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಸುಚೇತಾಗೆ ವಿಚಾರ ಸಂಕಿರಣಗಳನ್ನೆಲ್ಲ ವಿಡಿಯೋ ಪಾಡ್‌ಕಾಸ್ಟ್ ಮಾಡಿ ಊರೂರಿಗೆ ಮುಟ್ಟಿಸುವ ಹುಚ್ಚು. ಈ ಸಲವಂತೂ ಸಂಜೆಯೊಳಗೆ ವಿಡಿಯೋ ಕಳಿಸುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದಳು. ವಿದ್ಯಾರ್ಥಿನಿ ಪ್ರಜ್ಞಾ ಮಲಪ್ರಭೆಯ ಹಳೆಯ ಹರಗೋಲುಗಳ ಬಗ್ಗೆ ತನ್ನ ಮೊದಲ ಪ್ರಬಂಧ ಮಂಡಿಸುವವಳಿದ್ದಳು. ಕಡಲೆ ಸುಗ್ಗಿ ಬಿಟ್ಟು ಮನೋಳಿಯಿಂದ ಬರಲಾಗದ ಅವಳ ತಾಯಿ ಶೆಟ್ಟೆವ್ವ, ಸಂಜೆ ಮಗಳ ಮಾತು ಮೊಬೈಲಿನಲ್ಲಿ ಬರುತ್ತದೆಂದು ಓಣಿಗೆಲ್ಲ ಡಂಗುರ ಸಾರಿದ್ದಳು.

ಆದರೆ ನಮ್ಮ ಕಡೆಯ ಸಮಾರಂಭ ಸುಮ್ಮನೆ ಶುರುವಾದೀತೇ! ದೀಪ ಹಚ್ಚಿ, ಸ್ವಾಗತ ಹೇಳಿ, ಒಬ್ಬೊಬ್ಬರಿಗೂ ಶಾಲು, ಹಾರ. ವಿಭಾಗದ ಮುಖ್ಯಸ್ಥ ರಘೋತ್ತಮರಂತೂ ತಮಗೆ ಹಾರ ಹಾಕಿದವರಿಗೂ ಹಾರ ಹಾಕಿಸಿದರು. ಕ್ಯಾಮೆರಾ ಎಲ್ಲವನ್ನೂ ನಿಷ್ಠೆಯಿಂದ ನುಂಗುತ್ತಿತ್ತು. ಕೊನೆಗೂ ಪ್ರಜ್ಞಾ ಮೈಕಿನ ಮುಂದೆ ನಿಂತು ಮಾತಾಡಿದಳು, ಚಪ್ಪಾಳೆಯೂ ಬಿತ್ತು. ಆಮೇಲೆ ನೋಡಿದರೆ ಬ್ಯಾಟರಿ ಹಾರಗಳ ಹೊತ್ತಿಗೇ ಪ್ರಾಣ ಬಿಟ್ಟಿತ್ತು.

“ಅವ್ವಗ ಏನಂತ ಹೇಳ್ಲಿ ಮೇಡಂ? ಓಣಿ ಮಂದಿ ನಗತಾರ್ರಿ,” ಎಂದ ಪ್ರಜ್ಞಾಳ ಕಣ್ಣು ತುಂಬಿತು.

ಸುಚೇತಾಳ ಸಿಟ್ಟು ನೆತ್ತಿಗೇರಿತು. “ಸರ, ನಿಮ್ಮ ಹಾರ ಅಷ್ಟ ಬಂದಾವ ನೋಡ್ರಿ! ಹುಡುಗಿದು ಒಂದ ಮಾತೂ ಬಂದಿಲ್ಲ.”

ರಘೋತ್ತಮರು ಕ್ಯಾಮೆರಾ ನೋಡಿದರು, ತಮ್ಮ ಕೊರಳಿನ ಹಾರ ನೋಡಿಕೊಂಡರು. “ಛೇ ಛೇ, ಭಾಳ ತಪ್ಪಾತು. ಬ್ಯಾಟರಿ ಚಾರ್ಜ್ ಮಾಡ್ರಿ. ನನ್ನ ಗಾಡಿ ಅದ, ಮನೋಳಿಗೇ ಹೋಗೂಣು ನಡೀರಿ.”

ಸಂಜೆ ಶೆಟ್ಟೆವ್ವನ ಅಂಗಳದಲ್ಲಿ, ಕಡಲೆ ರಾಶಿಯ ಪಕ್ಕ ಕ್ಯಾಮೆರಾ ನಿಂತಿತು. ಓಣಿಗೆ ಓಣಿಯೇ ನೆರೆದಿತ್ತು. ರಘೋತ್ತಮರು ಕೆಮ್ಮಿ ಎದ್ದು ನಿಂತರು. ಸ್ವಾಗತ ಭಾಷಣವೇ ಬಂತೆಂದು ಸುಚೇತಾ ತಲೆ ಹಿಡಿದುಕೊಂಡಳು. ಅವರು ಮಾತ್ರ “ಮಾತಾಡವಾ ಪ್ರಜ್ಞಾ” ಎಂದು ಕುಳಿತೇಬಿಟ್ಟರು.

ಪ್ರಜ್ಞಾ ಶುರು ಮಾಡಿದಳು. “ಜೋರಲೆ ಹೇಳ, ಹಿಂದಿನವ್ರಿಗೆ ಕೇಳಂಗಿಲ್ಲ!” ಎಂದು ಶೆಟ್ಟೆವ್ವ ನಡುವೆ ಕೂಗಿದ್ದೂ ದಾಖಲಾಯಿತು. ಹೊಳೆ ತುಂಬಿದ ದಿನಗಳಲ್ಲಿ ಹರಗೋಲು ಹೇಗೆ ಸುತ್ತಿ ಬಳಸಿ ದಡ ಮುಟ್ಟುತ್ತಿತ್ತೆಂದು ಪ್ರಜ್ಞಾ ಹೇಳುವಾಗ ಅಂಗಳವೆಲ್ಲ ಕಿವಿಯಾಗಿತ್ತು. ಸುಚೇತಾಗೆ ಹಿಗ್ಗೋ ಹಿಗ್ಗು.

ಮಾತು ಮುಗಿಯಿತು. ಸುಚೇತಾ ಕ್ಯಾಮೆರಾ ಬಂದ್ ಮಾಡಿದಳು. ಆಗ ರಘೋತ್ತಮರು ಬೆಳಿಗ್ಗೆ ತಮಗೆ ಬಂದಿದ್ದ ಶಾಲು ತೆಗೆದು ಪ್ರಜ್ಞಾಳ ಕೈಗಿತ್ತರು. “ಅವ್ವಗ ಹೊದಸು.”

ಶಾಲು ಹೊದ್ದ ಶೆಟ್ಟೆವ್ವ ಕ್ಯಾಮೆರಾದ ಕಡೆ ನೋಡಿ ಹೌಹಾರಿದಳು.

“ಅಯ್ಯ, ಈಗ್ಯಾಕ ಬಂದ್ ಮಾಡೀರಿ? ಸವದತ್ತ್ಯಾಗ ನನ್ನ ತವರಮನಿಯವ್ರು ನೋಡಬ್ಯಾಡೇನು? ಚಾಲೂ ಮಾಡ್ರಿ ಅಕ್ಕೋರ!”

ಸುಚೇತಾ ನಗುತ್ತ ಬ್ಯಾಟರಿ ನೋಡಿದಳು. ಇನ್ನೂ ಜೀವವಿತ್ತು. “ಶಾಲು ತಗೀರಿ ಶೆಟ್ಟೆವ್ವ, ಇನ್ನೊಮ್ಮೆ ಹೊದಸ್ಕೋರಿ,” ಎಂದು ಗುಂಡಿ ಒತ್ತಿದಳು.