ಬೆಳಗಿನವರೆಗೆ ಹಾಡುವವನು

ಹರವೆ ಊರಿನ ಹುಡುಗ ಸಾಗರ್, ಟೀ ಅಂಗಡಿಯಲ್ಲಿ ಕೂತು ಮೆಲ್ಲಗೆ ಒಂದು ಸಾಲು ಗುನುಗಿದರೂ ಸಾಕು, ಪಕ್ಕದಲ್ಲಿದ್ದವರು ಲೋಟ ಕೆಳಗಿಟ್ಟು "ಯಾರ್ಲಾ ಹೋದದ್ದು?" ಎಂದು ಕೇಳುತ್ತಿದ್ದರು. ತಮಾಷೆಗಲ್ಲ, ನಿಜವಾಗಿಯೇ ಕೇಳುತ್ತಿದ್ದರು. ಅವರ ತಪ್ಪೂ ಅಲ್ಲ ಬಿಡಿ. ಸಾಗರನ ತಾತ ಶಾಂತಮಲ್ಲಪ್ಪನವರದು ಭಜನೆ ಮೇಳ. ಚಾಮರಾಜನಗರ, ಗುಂಡ್ಲುಪೇಟೆ ಸುತ್ತಮುತ್ತ ಅವರ ಜನರಲ್ಲಿ ಯಾರಾದರೂ ತೀರಿಕೊಂಡರೆ, ಹೆಣ ಕೂರಿಸಿದ ಮನೆಯ ಮುಂದೆ ಆ ಮೇಳ ಸಂಜೆಯಿಂದ ಬೆಳಗಿನವರೆಗೆ ಕೂತು ಶಿವನ ಪದ ಹಾಡಬೇಕು. ಸಾಗರ್ ಚಡ್ಡಿ ಹಾಕುವ ಕಾಲದಿಂದಲೂ ತಾತನ ಮಗ್ಗುಲಲ್ಲಿ ಕೂತು ತಾಳ ಹಾಕಿಕೊಂಡು ಹಾಡಿದವನು. ಅವನ ಕಂಠ ಕೇಳದ ಮನೆ ಈ ಎರಡು ತಾಲ್ಲೂಕಿನಲ್ಲಿ ಕಡಿಮೆ. ಆದರೆ ಎಲ್ಲರೂ ಅದನ್ನು ಕೇಳಿದ್ದು ತಮ್ಮವರನ್ನು ಕಳೆದುಕೊಂಡ ದಿನ.

ಇಂಥ ಹುಡುಗನಿಗೆ ಪಾಪ್ ಹಾಡಿನ ಹುಚ್ಚು ಹಿಡಿಯಬೇಕೇ? ಹಿಡಿಯಿತು. ಚಾಮರಾಜನಗರದಲ್ಲಿ ಪಿಯುಸಿ ಮುಗಿಸಿದ ಮೇಲೆ, ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪಾಪ್ ಸಂಗೀತಕ್ಕೇ ಡಿಗ್ರಿ ಇದೆ ಎಂದು ಫೋನಿನಲ್ಲಿ ನೋಡಿದ. ಅಂದಿನಿಂದ ಬೇರೆ ಯಾವ ಕಾಲೇಜಿನ ಹೆಸರೆತ್ತಿದರೂ ಅವನ ಕಿವಿಗೆ ಬೀಳಲಿಲ್ಲ. ಅಲ್ಲಿ ಆಡಿಷನ್‌ಗೆ ಕರೆಯಬೇಕಾದರೆ ಮೊದಲು ಒಂದು ವಿಡಿಯೋ ಕಳಿಸಬೇಕಿತ್ತು. ಹಾಡು ಸ್ವಂತದ್ದಾಗಿರಬೇಕು, ಜನರ ಮುಂದೆ ಹಾಡಿರಬೇಕು, ಕೇಳುತ್ತಿರುವವರ ಮುಖವೂ ಕಾಣಬೇಕು, ಎಲ್ಲೂ ಕತ್ತರಿ ಆಡಿಸಿರಬಾರದು. ತಿಂಗಳ ಕೊನೆಯೇ ಗಡುವು. ಹಾಡಬಲ್ಲೆ ಎಂಬ ಧೈರ್ಯ ಸಾಗರನಿಗಿತ್ತು, ಚಿಂತೆಯೆಲ್ಲ ಆ ಮುಖಗಳದ್ದು.

"ಹಾಡಾಕೂ ಡಿಗ್ರಿ ಕೊಟ್ಟರಾ?" ಎಂದು ತಾತ ಎಲೆಅಡಿಕೆ ಮೆಲ್ಲುತ್ತ ಕೇಳಿದರು. "ಕೊಟ್ರೆ ತಕ್ಕೊ, ಬ್ಯಾಡ ಅನ್ನಕಿಲ್ಲ. ಆದ್ರೆ ನಗಿಸ್ದೋರ್ಗೆ ಕೊಟ್ಟರೋ ಅಳಿಸ್ದೋರ್ಗೆ ಕೊಟ್ಟರೋ, ಅದ ಮೊದ್ಲು ಕೇಳ್ಕೊ."

ಗುಂಡ್ಲುಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಕಿರಣ್ ಕುಮಾರ್ ಅವನ ಪಿಯುಸಿ ಗೆಳೆಯ. ಗಡಿಯಾಚೆ ಕೇರಳದ ಬತ್ತೇರಿಯಿಂದ ಒಂದು ಹಳೇ ಗಿಟಾರ್ ತಂದು, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಬಾರಿಸಿ ಬಾರಿಸಿ ಕೈ ಪಳಗಿಸಿಕೊಂಡಿದ್ದ. ಅವನ ಸೋದರಮಾವ ಊಟಿ ರಸ್ತೆಯಲ್ಲಿ ಹೊಸ ಬೇಕರಿ ತೆರೆಯುವವರಿದ್ದರು. ಅಲ್ಲೇ ಹಾಡುವುದು, ಅಲ್ಲೇ ವಿಡಿಯೋ ಮಾಡುವುದು ಎಂದಾಯಿತು. ಸಾಗರ್ ಒಂದು ಪ್ರೇಮಗೀತೆ ಬರೆದ. ಕಾಫಿ ಶಾಪಿನ ಗಾಜಿನ ಹಿಂದೆ ಕೂತ ಒಬ್ಬಳು ಹುಡುಗಿಯ ಮೇಲೆ. ಅಂಥ ಕಾಫಿ ಶಾಪಿಗೆ ಅವನು ಕಾಲಿಟ್ಟಿರಲಿಲ್ಲ, ಅಂಥ ಹುಡುಗಿಯೂ ಅವನಿಗೆ ಗೊತ್ತಿರಲಿಲ್ಲ. ಪ್ರೇಮಗೀತೆ ಹೀಗಲ್ಲದೆ ಇನ್ನು ಹೇಗೆ ಬರೆಯುತ್ತಾರೆ ಎಂದುಕೊಂಡಿದ್ದ, ಪಾಪ.

ಬೇಕರಿಯ ದಿನ ಟೇಪು ಕತ್ತರಿಸಿ ಆಯಿತು, ಕೇಕು ಹಂಚಿ ಆಯಿತು. ಕಿರಣ್ ಗಿಟಾರ್ ಮೀಟಿದ, ಸಾಗರ್ ಹಾಡು ಎತ್ತಿಕೊಂಡ. ಮೊದಲ ಸಾಲು ಮುಗಿಯುವಷ್ಟರಲ್ಲಿ ಮುಂದಿದ್ದ ಒಬ್ಬ ಹಿರಿಯರು ಮೆಲ್ಲಗೆ ಚಪ್ಪಲಿ ಬಿಟ್ಟರು. ಎರಡನೆಯ ಸಾಲಿಗೆ ಹೆಂಗಸರು ತಲೆಯ ಮೇಲೆ ಸೆರಗು ಎಳೆದುಕೊಂಡರು. ಕೇಕು ಹಿಡಿದಿದ್ದ ಕೈಯಲ್ಲೇ ನಾಲ್ಕಾರು ಜನ ಕೈ ಮುಗಿದು ನಿಂತರು, ಒಬ್ಬಾಕೆ ಮೂಗೊರೆಸಿಕೊಂಡರು. ಕೇರಳದ ಒಬ್ಬ ಲಾರಿ ಡ್ರೈವರ್ ಮಾತ್ರ ಪಫ್ಸ್ ತಿನ್ನುತ್ತ ಸಂತೋಷವಾಗಿ ತಲೆಯಾಡಿಸುತ್ತಿದ್ದ, ಅವನೊಬ್ಬನಿಗೆ ಹುಡುಗನ ಪೂರ್ವಾಪರ ಗೊತ್ತಿರಲಿಲ್ಲ. ಹಾಡು ಮುಗಿಯುವುದನ್ನೇ ಕಾಯುತ್ತಿದ್ದ ಸೋದರಮಾವ ಒಂದು ಡಬ್ಬಿ ಸ್ವೀಟ್ಸ್ ಕಟ್ಟಿಕೊಟ್ಟು, ಬಸ್ ಬರೋ ಹೊತ್ತಾಯ್ತು ಎಂದು ಅವನನ್ನು ಸಾಗಹಾಕಿದರು.

ಮಾರನೆಯ ದಿನ ಇಬ್ಬರೂ ರಿಪೇರಿ ಅಂಗಡಿಯಲ್ಲಿ ಕೂತು ವಿಡಿಯೋ ನೋಡಿದರು. ಬೇಕರಿ ಪ್ರಾರಂಭವೋ ತಿಥಿಯೋ ಹೇಳಲಾಗದಂತಿತ್ತು. ಕಿರಣನಿಗೆ ನಗು ಉಕ್ಕಿ ಬಂತು. ಸಾಗರನ ಮುಖ ನೋಡಿ ಹೇಗೋ ನುಂಗಿಕೊಂಡ.

"ಬತ್ತೇರಿಗೆ ಹೋಗನ ಬಾ. ಅಲ್ಲಿ ಯಾರ್ಗೂ ನೀನು ಗೊತ್ತಿಲ್ಲ."

"ನಮ್ಮೋರ ಮುಂದೆ ಹಾಡಕಾಗ್ದೆ ಕಳ್ಳನಂಗೆ ಅಲ್ಲೋಗಿ ಹಾಡ್ಲಾ? ನಾಳೆ ಬೆಂಗ್ಳೂರಲ್ಲಿ ನಮ್ಮೂರೋನು ಒಬ್ಬ ಎದ್ರಿಗೆ ಕೂತ್ರೆ ಬಾಯ್ ಮುಚ್ಕೊಂಡು ಎದ್ ಬರ್ಲಾ?"

ಕಿರಣ್ ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿ ಹೇಳಿದ: "ಜನದ್ದು ಮಾತ್ರ ತಪ್ಪಲ್ಲ ಕಣ್ಲಾ. ನೀನು ಒಂದೊಂದು ಸಾಲ್ನೂ ಎಳೀತಿಯ. ರಾತ್ರಿ ಕಳೀಬೇಕು ಅನ್ನೋನಂಗೆ ಎಳೀತಿಯ. ಇದು ಮೂರು ನಿಮಿಷದ ಹಾಡು, ಇಲ್ಲಿ ಬೆಳಗು ಮಾಡೋದೇನೂ ಇಲ್ಲ."

ಮಾತು ನೆಟ್ಟಗೆ ಎದೆಗೆ ನಾಟಿತು. ನಿಜ, ತಾತ ಅವನಿಗೆ ಕಲಿಸಿದ್ದೇ ಅದು. ಸಾವಿನ ಮನೆಯಲ್ಲಿ ಹಾಡು ಬೇಗ ಮುಗಿದರೆ ಅಳು ಶುರುವಾಗುತ್ತದೆ, ಅದಕ್ಕೆ ಸಾಲಿನ ಕೊನೆಯ ಮಾತನ್ನು ಬಿಡದೆ ಹಿಡಿದುಕೊಳ್ಳಬೇಕು. ಆ ದಿನದಿಂದ ಸಾಗರ್ ಹೊಲದ ಬದುವಿನ ಮೇಲೆ ಕೂತು ಸಾಲುಗಳನ್ನು ತುಂಡರಿಸುವುದನ್ನು ಕಲಿಯತೊಡಗಿದ. ಕಿರಣ್ ಫೋನಿನಲ್ಲಿ ಕಳಿಸಿದ ತಾಳಕ್ಕೆ ಹಾಡುವುದು, ತಡವಾಗುವುದು, ಮತ್ತೆ ಹಾಡುವುದು. ಸಾಲುಗಳು ಚಿಕ್ಕವಾದವು, ಆದರೆ ಹಾಡು ಹಾಡಾಗಲಿಲ್ಲ. ಕಾಫಿ ಶಾಪಿನ ಆ ಹುಡುಗಿ ಗಾಜಿನ ಹಿಂದೆ ಸಪ್ಪೆ ಮುಖ ಹಾಕಿಕೊಂಡು ಕೂತೇ ಇದ್ದಳು. ಇತ್ತ ತಿಂಗಳು ಮುಗಿಯುತ್ತ ಬಂತು. ಅವನಿಗೆ ಅಳುವೇ ಬರುವಂತಾಗಿತ್ತು.

ಒಂದು ಮಧ್ಯಾಹ್ನ ಚಾಮರಾಜನಗರಕ್ಕೆ ಹೋದವನು ಊಟಕ್ಕೆ ಸುಧಾಮಣಿಯ ಮೆಸ್ಸಿಗೆ ಹೋದ. ಪಿಯುಸಿ ಓದುವಾಗ ಎರಡು ವರ್ಷ ಉಂಡ ಮೆಸ್ಸು. ಹುಡುಗರಿಗೆಲ್ಲ ಆಕೆ ಸುಧಕ್ಕ. ಕಳೆದ ವರ್ಷ, ಅವನ ಪಿಯುಸಿ ಮುಗಿದ ಮೇಲೆ, ಆಕೆಯ ಗಂಡ ತೀರಿಕೊಂಡಾಗ ಹಾಡಲು ಬಂದಿದ್ದೂ ತಾತನ ಮೇಳವೇ. ಆಮೇಲೆ ಸಾಗರ್ ಸಂಕೋಚಪಟ್ಟು ಆ ಕಡೆ ತಲೆ ಹಾಕಿರಲಿಲ್ಲ.

ಊಟದ ಗಲಾಟೆ ಮುಗಿದ ಮೇಲೆ ಸುಧಾಮಣಿ ಎದುರಿಗೆ ಬಂದು ಕೂತರು. "ನಮ್ಮ ವನಿತನ ಮಗೀಗೆ ಭಾನುವಾರ ನಾಮಕರಣ. ನೀನು ಬಂದು ಹಾಡ್ಬೇಕು ಮಗ. ವಿಡಿಯೋ ಬೇಕು ಅಂತ ಒದ್ದಾಡ್ತಿದ್ದೀಯಂತಲ್ಲ, ಅದ್ನೂ ಅಲ್ಲೇ ಮಾಡ್ಕೊ."

ಸಾಗರ್ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟ. "ತೊಟ್ಲು ಮುಂದೆ ನಾನು ಬ್ಯಾಡ ಕಣಕ್ಕ. ಬೇಕರೀಲಿ ಏನಾಯ್ತು ಗೊತ್ತಾ?"

"ಗೊತ್ತು. ಊರಿಗೆಲ್ಲ ಗೊತ್ತು." ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ನಂಗೂ ಹಿಂದೆ ನಿಂತ್ಕೊ ಅಂದವ್ರೆ. ನಮ್ಮ ಭಾವ ಅಂದವ್ರೆ. ತಾಳಿ ಇಲ್ದೋಳು ತೊಟ್ಲು ಮುಟ್ಬಾರ್ದಂತೆ. ಹೆತ್ತ ಮಗಳ ಮಗು ಅದು. ನೀನು ಬಂದು ಮುಂದೆ ಕೂತು ಹಾಡಿದ್ರೆ ನಾನೂ ಮುಂದೆ ನಿಲ್ತೀನಿ. ನಂಗೊಬ್ಳಿಗೆ ಅಷ್ಟು ಧೈರ್ಯ ಇಲ್ಲ."

ಸಾಗರ್ ಅನ್ನ ಕಲಸುತ್ತ ಕೂತ. ಸುಧಾಮಣಿಯೇ ಮುಂದುವರಿಸಿದರು.

"ನಮ್ಮೆಜಮಾನ್ರು ಹೋದಾಗ, ಬೆಳಿಗ್ಗೆ ಪಕ್ಕದ್ಮನೆಯೋರು ನಿಮಗೆಲ್ಲ ಉಪ್ಪಿಟ್ಟು ತಂದ್ರಲ್ಲ. ನೀನು ಗಬಗಬ ತಿಂದು, ಇನ್ನೊಂಚೂರು ಹಾಕಿ ಅಂದೆ. ನಿಮ್ ತಾತ ಕಣ್ಣು ಬಿಟ್ರು."

ಸಾಗರನ ಕಿವಿ ಬಿಸಿಯಾಯಿತು. ಆ ಬೆಳಿಗ್ಗೆಯ ನಾಚಿಕೆ ಅವನಿಗಿನ್ನೂ ಹೋಗಿರಲಿಲ್ಲ. ಅದೊಂದೇ ಅಲ್ಲ, ಎಲ್ಲ ಸಾವಿನ ಮನೆಯಲ್ಲೂ ಅವನಿಗೆ ಹಾಗೇ ಆಗುತ್ತಿತ್ತು. ರಾತ್ರಿಯೆಲ್ಲ ಹಾಡಿ ಹೊರಗೆ ಬಂದರೆ ಬಿಸಿಲು ಬಿದ್ದಿರುತ್ತಿತ್ತು, ಹಾಲಿನವನ ಬೈಕು ಹೋಗುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ಬದುಕಿದ್ದೇನಲ್ಲ ಎಂದು ಎಲ್ಲಿಲ್ಲದ ಖುಷಿಯಾಗುತ್ತಿತ್ತು. ಯಾರ ಮುಂದೆಯಾದರೂ ಹೇಳುವ ಮಾತೇ ಅದು?

"ತಪ್ಪಾಯ್ತು ಕಣಕ್ಕ."

"ಯಾವ ತಪ್ಪು? ಇನ್ನು ಉಣ್ಣಲೇಬಾರ್ದು ಅಂತ ಕೂತಿದ್ದೆ ನಾನು. ನೀನು ತಿನ್ನೋದು ನೋಡಿ ನಂಗೂ ಹಸಿವಾಯ್ತು. ಆ ಹಸಿವಿಗೇ ನಾಚಿಕೆ ಆಯ್ತು, ಆದ್ರೂ ಎದ್ದೋಗಿ ಎರಡು ತುತ್ತು ತಿಂದೆ. ಅವತ್ತು ನೀನು ಇನ್ನೊಂಚೂರು ಅನ್ನದೇ ಇದ್ದಿದ್ರೆ ನಾನು ಮೆಸ್ಸು ಬಾಗಿಲು ತೆಗೀತಿರ್ಲಿಲ್ಲ ಕಣೋ."

ಸಾಗರ್ ಕೈ ತೊಳೆದವನೇ ಹರವೆಯ ಬಸ್ಸು ಹತ್ತಿದ. ಬಸ್ಸು ಊರು ಮುಟ್ಟುವ ಮೊದಲೇ ಕಾಫಿ ಶಾಪಿನ ಹುಡುಗಿಗೆ ವಿದಾಯ ಹೇಳಿ ಆಗಿತ್ತು. ಆ ಬೆಳಗಿನ ಉಪ್ಪಿಟ್ಟಿನ ಮೇಲೆ ಹೊಸ ಹಾಡು ತಾನಾಗಿಯೇ ಬಂತು. ಪಲ್ಲವಿ ಒಂದೇ ಸಾಲು: "ಇನ್ನೊಂಚೂರು ಹಾಕವ್ವ, ಬೆಳಗಾಯ್ತು." ಫೋನಿನಲ್ಲಿ ಅದನ್ನು ಕೇಳಿದ ಕಿರಣ್ ಎರಡನೆಯ ಸಲಕ್ಕೇ ಗಿಟಾರ್ ಎತ್ತಿಕೊಂಡ. ಹಸಿದವನ ಹಾಡಲ್ಲವೇ, ಎಳೆಯಲು ಪುರುಸೊತ್ತೆಲ್ಲಿ. ಸಾಲುಗಳು ತಾಳಕ್ಕೆ ತಾವೇ ಬಂದು ಕೂತವು.

ಭಾನುವಾರ ಮೆಸ್ಸಿನ ಮುಂದೆ ಶಾಮಿಯಾನ ಹಾಕಿದ್ದರು. ಸಾಗರನನ್ನು ನೋಡುತ್ತಲೇ ಸುಧಾಮಣಿಯ ಭಾವ ಮಹದೇವಪ್ಪನವರು ಗಂಟು ಮುಖ ಹಾಕಿಕೊಂಡು ಎದ್ದು ಬಂದರು. "ಏನಮ್ಮ ಇದು, ನಮ್ಮ ತಮ್ಮನ ಹೆಣದ ಮುಂದೆ ಹಾಡ್ದೋನ್ನ ತೊಟ್ಲು ಮುಂದೆ ಕೂರುಸ್ತಿದ್ದೀಯಲ್ಲ, ಬುದ್ಧಿ ಐತಾ?"

ಸಾಗರ್ ತಿರುಗಿ ಹೊರಡುವವನಿದ್ದ. ಸುಧಾಮಣಿ ಅವನ ತೋಳು ಹಿಡಿದುಕೊಂಡರು.

"ಭಾವ, ನಿಮ್ ತಮ್ಮ ಹೋದಾಗ ಬಂದಿದ್ದೋನು ಇವನು. ಅವತ್ತು ಬ್ಯಾಡ ಅಂದ್ರಾ? ಕಷ್ಟಕ್ಕೆ ಬೇಕಾದೋನು ಸುಖಕ್ಕೆ ಯಾಕೆ ಬ್ಯಾಡ? ನಾನೂ ಇಲ್ಲೇ ನಿಲ್ತೀನಿ. ವನಿತ, ತೊಟ್ಲು ಹಗ್ಗ ಈ ಕಡೆ ಕೊಡವ್ವ."

ವನಿತಾ ಒಂದು ಗಳಿಗೆಯೂ ಯೋಚಿಸದೆ ಹಗ್ಗವನ್ನು ತಾಯಿಯ ಕೈಗೆ ಕೊಟ್ಟಳು. ಶಾಮಿಯಾನದಲ್ಲಿ ಪಿಸುಪಿಸು ಎದ್ದಿತು. ಮಹದೇವಪ್ಪ ಹೋಗಿ ಕುರ್ಚಿಯಲ್ಲಿ ಕೂತರು, ಮುಖವನ್ನು ಮಾತ್ರ ಬೀದಿಯ ಕಡೆ ತಿರುಗಿಸಿಕೊಂಡು.

ಕಿರಣ್ ಸ್ಟ್ಯಾಂಡಿನ ಮೇಲೆ ಫೋನು ನಿಲ್ಲಿಸಿ ಗಿಟಾರ್ ಮೀಟಿದ. ಸಾಗರ್ ಶುರು ಮಾಡಿದ. ಸಾಲಿನ ಕೊನೆ ಬಂತು, ಗಂಟಲು ಎಳೆಯಲು ಹವಣಿಸಿತು. ಎದುರಿಗೆ ಕೂತ ಹೆಂಗಸೊಬ್ಬರ ಕೈ ಸೆರಗಿಗೆ ಹೋಗುವುದೂ ಕಂಡಿತು. ಕಣ್ಣು ಅಗಲ ಮಾಡಿಕೊಂಡು ಸಾಲನ್ನು ಅಲ್ಲಿಗೇ ಕಡಿದು ಪಲ್ಲವಿಗೆ ಹಾರಿದ: "ಇನ್ನೊಂಚೂರು ಹಾಕವ್ವ, ಬೆಳಗಾಯ್ತು." ಯಾರೋ ಕಿಸಕ್ಕನೆ ನಕ್ಕರು. ಎರಡನೆಯ ಸಲ ಪಲ್ಲವಿ ಬಂದಾಗ ಬಡಿಸುತ್ತಿದ್ದ ಹುಡುಗಿಯರು ದನಿ ಸೇರಿಸಿದರು. ಮೂರನೆಯ ಸಲಕ್ಕೆ ಇಡೀ ಶಾಮಿಯಾನವೇ ಇನ್ನೊಂಚೂರು ಕೇಳುತ್ತಿತ್ತು. ಸೆರಗು ಹಿಡಿದಿದ್ದ ಹೆಂಗಸು ಸೆರಗು ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ತನ್ನ ಕಂಠ ಕೇಳಿ ಜನ ನಗುವುದನ್ನು ಸಾಗರ್ ಹುಟ್ಟಿದಾರಭ್ಯ ಕಂಡಿರಲಿಲ್ಲ.

ಊಟವಾದ ಮೇಲೆ ಗೆಳೆಯರಿಬ್ಬರೂ ಮೆಸ್ಸಿನ ಹಿತ್ತಿಲಲ್ಲಿ ವಿಡಿಯೋ ನೋಡಿದರು. ಕಿರಣ್ ಒಂದು ಕಡೆ ನಿಲ್ಲಿಸಿದ.

"ಎಲ್ಲಾ ಸರಿ ಕಣ್ಲಾ. ಆದ್ರೆ ಒಬ್ರು ಅಳ್ತಾವ್ರೆ. ನಟ್ಟ ನಡುವೆ."

ಸುಧಾಮಣಿ. ಕೈಯಲ್ಲಿ ತೊಟ್ಟಿಲ ಹಗ್ಗ, ಕೆನ್ನೆಯ ಮೇಲೆ ನೀರು ಧಾರಾಕಾರ. ಬಾಯಿ ಮಾತ್ರ ದೊಡ್ಡದಾಗಿ ತೆರೆದು ಎಲ್ಲರಿಗಿಂತ ಜೋರಾಗಿ ಪಲ್ಲವಿ ಹಾಡುತ್ತಿತ್ತು. ಸಾಗರ್ ಬಹಳ ಹೊತ್ತು ನೋಡಿದ. ಆ ಮುಖವನ್ನು ಕತ್ತರಿಸಿ ಹಾಕಲು ಕಾಲೇಜಿನವರು ಬಿಟ್ಟರೂ ಅವನು ಬಿಡುವವನಲ್ಲ.

"ಇರ್ಲಿ. ಹಾಡ್ತಾನೂ ಅವ್ರೆ, ಕಳ್ಸು."

ಕಾಲೇಜಿನವರು ಆಡಿಷನ್‌ಗೆ ಕರೆದರು. ಸಾಗರ್ ಬೆಂಗಳೂರಿಗೆ ಹೊರಟ ದಿನ ಚಾಮರಾಜನಗರ ಸ್ಟೇಷನ್ನಿಗೆ ತಾತ ಬಂದರು, ಕಿರಣ್ ಗಿಟಾರ್ ಸಮೇತ ಬಂದ, ಸುಧಾಮಣಿ ಬಂದರು. ಅವರ ಹಿಂದೆ, ಯಾರೂ ಕರೆಯದಿದ್ದರೂ, ಮಹದೇವಪ್ಪನವರೂ ಬಂದಿದ್ದರು. ರೈಲು ಬರುವವರೆಗೆ ಅವರು ಕೆಮ್ಮುತ್ತ ಪ್ಲಾಟ್‌ಫಾರಂ ಅಳೆಯುತ್ತಿದ್ದರು. ಸಾಗರ್ ಹತ್ತಿ ಕೂತ ಮೇಲೆ ಕಿಟಕಿಯ ಹತ್ತಿರ ಬಂದರು.

"ಲೋ ಸಾಗರ, ದೊಡ್ಡ ಹಾಡುಗಾರ ಆಗ್ಬುಟ್ಟೆ ಅಂತ ಮರೆತ್ಬುಡ್ಬೇಡ. ನಾನು ಹೋದಾಗ ನೀನೇ ಬಂದು ಹಾಡ್ಬೇಕು. ಶಿವನ ಪದ ನಿಮ್ ತಾತ ಹಾಡ್ಲಿ. ನೀನು ಆ ಉಪ್ಪಿಟ್ಟಿನ ಹಾಡು ಹಾಡು. ನಮ್ಮ ಮನೆಯೋರು ಅಳ್ತಾ ಉಪವಾಸ ಕೂತ್ಕಬಾರ್ದು."

ಸಾಗರ್ ಮುಂದೆ ಬಾಗಿದ. ಕಿಟಕಿಯ ಕಂಬಿಯ ಮೇಲಿದ್ದ ಅವರ ಕೈಯನ್ನು ಹಿಡಿದುಕೊಂಡ.

"ಬತ್ತೀನಿ ದೊಡ್ಡಪ್ಪ. ಮೂರು ವರ್ಷದ ಕೋರ್ಸು, ಅದು ಮುಗಿಯೋಗಂಟ ಅವಸರ ಮಾಡ್ಬೇಡಿ."

ಮೊದಲು ನಕ್ಕವರು ಮಹದೇವಪ್ಪನವರೇ. ರೈಲು ಹೊರಟಿತು.