ಎರಡನೆಯ ಸೀಟಿ

ಒದ್ದೆ ಬಟ್ಟೆಯನ್ನು ಹಾಸಿ ಹತ್ತು ನಿಮಿಷ ಬಿಟ್ಟಮೇಲೆ, ಹಳೆಯ ರಟ್ಟಿಗೆ ಕಚ್ಚಿಕೊಂಡಿದ್ದ ಹಾಳೆ ಒಂದಿಷ್ಟೂ ಹರಿಯದೆ ಎದ್ದು ಬಂತು. ಅದು ವಿಷಯಸೂಚಿ. ಗೋಂದಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು, ಇನ್ನೊಮ್ಮೆ ಓದಿದಳು, ಆಮೇಲೆ ಸ್ಟೂಲಿನ ಮೇಲೆ ಕೂತೇಬಿಟ್ಟಳು.

"ಹಾಳಾಗ್ಹೋಗ್ಲಿ," ಅಂದಳು. ಕೇಳಿಸಿಕೊಳ್ಳಲು ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

'ಒಂದೇ ಮನೆ' ಆರನೆಯ ಅಧ್ಯಾಯ. 'ಜಗಳ' ಏಳನೆಯದು. 'ಬಾಗಿಲು' ಎಂಟನೆಯದು. 'ದಡ' ಅನ್ನುವುದು ಹನ್ನೆರಡನೆಯದು, ಅಲ್ಲಿಗೆ ಕಥೆ ಮುಗಿಯಿತು. ಅಂದರೆ ಇಪ್ಪತ್ತು ದಿನಗಳಿಂದ ಅವಳು ಓದಿದ್ದು ಇಲ್ಲದ ಕಾದಂಬರಿ.

ಗ್ರಂಥಾಲಯದ ನೆಲಮಾಳಿಗೆಯ ಈ ಕೋಣೆಯಲ್ಲಿ ಅವಳು ಹತ್ತೊಂಬತ್ತು ವರ್ಷಗಳಿಂದ ಹರಿದ ಪುಸ್ತಕಗಳನ್ನು ಬಿಚ್ಚಿ ಹೊಲಿಯುತ್ತಿದ್ದಾಳೆ. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿದೆ. ಬಿಚ್ಚಿದ ಪುಸ್ತಕ ಹದಿನಾರು ಪುಟಗಳ ಮಡಿಕೆಗಳಾಗಿ ಕಳಚಿಕೊಳ್ಳುತ್ತದೆ, ಕಟ್ಟುವವರು ಅದನ್ನು ಫಾರಂ ಅನ್ನುತ್ತಾರೆ. ಈ ಪುಸ್ತಕದ ಅಂಚನ್ನು ಹಿಂದೆ ಯಾವನೋ ಪುಣ್ಯಾತ್ಮ ಕತ್ತರಿಸುವಾಗ ಪುಟಸಂಖ್ಯೆಗಳನ್ನೂ ಸೇರಿಸಿ ಕತ್ತರಿಸಿ ಹಾಕಿದ್ದ. ಹಾಗಾದಾಗ ಒಂದು ಫಾರಂನ ಕೊನೆಯಲ್ಲಿ ತುಂಡಾದ ವಾಕ್ಯಕ್ಕೆ ಇನ್ನೊಂದರ ತಲೆಯಲ್ಲಿರುವ ಪದ ಹುಡುಕಿ ಸರದಿ ಹಿಡಿಯಬೇಕು. ಅವಳಿಗೆ ಅದು ಕಣ್ಣುಮುಚ್ಚಿ ಮಾಡುವ ಕೆಲಸ. ಆದರೆ ಮೂರು ಫಾರಂಗಳು ಮಾತ್ರ ಸರಿಯಾಗಿ ಒಂದು ಅಧ್ಯಾಯದ ತಲೆಯಿಂದ ಶುರುವಾಗಿ ಇನ್ನೊಂದರ ಕಾಲಿಗೆ ಮುಗಿಯುತ್ತಿದ್ದವು. ಎಲ್ಲಿಟ್ಟರೂ ಕೂಡುತ್ತಿದ್ದವು. ಅಧ್ಯಾಯಗಳಿಗೆ ಹೆಸರಿತ್ತು, ಸಂಖ್ಯೆ ಇರಲಿಲ್ಲ. 'ಒಂದೇ ಮನೆ', 'ಜಗಳ', 'ಬಾಗಿಲು' ಇದ್ದ ಆ ಮೂರನ್ನು ಅವಳು ಕೊನೆಯಲ್ಲಿಟ್ಟಳು, ಹಾಗೇ ಓದಿದಳು.

ಇಬ್ಬರು ಹೆಂಗಸರ ಪ್ರೇಮದ ಕಥೆ. ಒಬ್ಬಳು ಈಜು ಕಲಿಸುವವಳು, ಕುತ್ತಿಗೆಗೆ ಸದಾ ಸೀಟಿ, ಗಂಟಲು ಊರಿಗೆಲ್ಲ ಕೇಳುವಂಥದ್ದು. ಇನ್ನೊಬ್ಬಳು ಪಿಯಾನೋಗಳ ಶ್ರುತಿ ಸರಿಮಾಡುವವಳು, ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಎಣ್ಣೆ ಸೀಗೇಕಾಯಿ. ಇಡೀ ಗ್ರಂಥಾಲಯದಲ್ಲಿ ಇಂಥ ಕಥೆಯ ಪುಸ್ತಕ ಇದ್ದದ್ದು ಇದೊಂದೇ. ಅದು ಮೇಜಿಗೆ ಬಂದ ದಿನ ಗೋಂದಕ್ಕ ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ಎರಡು ಸಲ ನೋಡಿದ್ದಳು.

ಯಾಕೆಂದರೆ ಅವಳ ಮನೆಯಲ್ಲೂ ಒಬ್ಬಳಿದ್ದಾಳೆ. ಲಿಫ್ಟ್ ರಿಪೇರಿ ಮಾಡುವವಳು. ಅಲಮಾರಿಯ ಬಾಗಿಲು ತೆಗೆದರೆ ಮುಚ್ಚುವವಳಲ್ಲ, ಚಹಾದ ಲೋಟದಲ್ಲಿ ಸ್ಕ್ರೂ ಹಾಕಿಡುತ್ತಾಳೆ, ಕೆಲಸ ಮಾಡುವಾಗ ಸಿಳ್ಳೆ ಹಾಕದಿದ್ದರೆ ಕೈಯೇ ಓಡುವುದಿಲ್ಲ. ಹದಿನಾಲ್ಕು ವರ್ಷವಾಯಿತು. ಗ್ರಂಥಾಲಯದ ಲಿಫ್ಟ್ ನೋಡಿಕೊಳ್ಳುವವಳೂ ಅವಳೇ ಆದ್ದರಿಂದ ಅಲ್ಲಿ ಎಲ್ಲರಿಗೂ ಪರಿಚಯ, ಗೋಂದಕ್ಕನ ದೊಡ್ಡಮ್ಮನ ಮಗಳು ಅಂತ. ಮೊದಲ ವರ್ಷ ಯಾರೋ ಕೇಳಿದಾಗ ಬಾಯಿಗೆ ಬಂದ ಸುಳ್ಳು ಅದು. ಆಮೇಲೆ ಅದನ್ನು ಬಿಚ್ಚಿ ಹೊಲಿಯುವ ಧೈರ್ಯ ಬರಲಿಲ್ಲ.

ಲಿಫ್ಟಿನವಳು ಪುಸ್ತಕ ಮುಟ್ಟುವವಳಲ್ಲ. ದಿನಾ ಊಟದ ಹೊತ್ತಿಗೆ ಗೋಂದಕ್ಕ ಕಥೆ ಹೇಳಬೇಕು, ಅವಳು ಕೇಳಬೇಕು. ಮುತ್ತು, ಸಮುದ್ರ, ಈಜಿನವಳು ಸೀಟಿಯನ್ನು ನೀರಿಗೆ ಎಸೆದದ್ದು, ಇದನ್ನೆಲ್ಲ ಕೇಳುವಾಗ ಅವಳು ಆಕಳಿಸಿದ್ದಳು. ಕಿವಿ ನಿಮಿರಿದ್ದು ಅದರ ಮುಂದಿನ ದಿನ.

"ಈಗ ಇಬ್ಬರೂ ಒಂದೇ ಮನೇಲಿದ್ದಾರೆ," ಅಂದಿದ್ದಳು ಗೋಂದಕ್ಕ. "ಬೆಳಗ್ಗೆ ಆರು ಗಂಟೆಗೆ ಅವಳು ಹಾಲ್‌ನಲ್ಲಿ ನಿಂತು ಸೀಟಿ ಊದ್ತಾಳೆ."

"ಸೀಟಿ ಸಮುದ್ರಕ್ಕೆ ಎಸೆದಳಲ್ಲ?"

"ಎಸೆದಳು."

ಲಿಫ್ಟಿನವಳು ತುತ್ತನ್ನು ತಟ್ಟೆಗೆ ಬಿಟ್ಟಳು. ಆಮೇಲೆ ಮೇಜು ಗುದ್ದಿ ನಕ್ಕಳು. "ಇನ್ನೊಂದು ತಗೊಂಡಿದ್ದಾಳೆ ಕಣೇ! ಶಭಾಷ್!"

ಅಲ್ಲಿಂದ ಮುಂದೆ ಇಬ್ಬರಿಗೂ ಆ ಪುಸ್ತಕದ ಹುಚ್ಚು ಹಿಡಿಯಿತು. ಆ ಮೂರು ಅಧ್ಯಾಯಗಳಲ್ಲಿ ಪ್ರೀತಿ ಅನ್ನುವ ಮಾತೇ ಇರಲಿಲ್ಲ. ಬಾಗಿಲು, ಬಕೆಟ್ಟು, ಯಾರ ಸರದಿ, ಯಾರ ಸದ್ದು, ಬರೀ ಇದೇ. "ಇದಪ್ಪಾ ಬರವಣಿಗೆ," ಅನ್ನುತ್ತಿದ್ದಳು ಲಿಫ್ಟಿನವಳು. "ಇಷ್ಟು ವರ್ಷ ಆದ್ಮೇಲೆ ದಿನಾ ಯಾರು ಪ್ರೀತಿ ಅಂತ ಕೂತ್ಕೋತಾರೆ?" ಕೊನೆಯ ಸಾಲಿನಲ್ಲಿ ಒಬ್ಬಳು "ಬಾಗಿಲು ಮುಚ್ಚು" ಅನ್ನುತ್ತಾಳೆ, ಇನ್ನೊಬ್ಬಳು "ನೀನೇ ಮುಚ್ಚು" ಅನ್ನುತ್ತಾಳೆ, ಅಷ್ಟೇ. ಅದನ್ನು ಕೇಳಿ ಲಿಫ್ಟಿನವಳು ಎದ್ದು ಚಪ್ಪಾಳೆ ತಟ್ಟಿದ್ದಳು.

ಈಗ ವಿಷಯಸೂಚಿ ಬಂದು ಎಲ್ಲ ಮಣ್ಣುಪಾಲು ಮಾಡಿತ್ತು. ಜಗಳ ಮೊದಲು, ಮುತ್ತು ಆಮೇಲೆ. ಆ ಮನೆಯಲ್ಲಿದ್ದಾಗ ಅವರು ಬರೀ ಬಾಡಿಗೆ ಹಂಚಿಕೊಂಡ ಅಪರಿಚಿತರು. ಪ್ರೀತಿ ಶುರುವಾದದ್ದೇ ತಡ ಈಜಿನವಳ ಗಂಟಲು ತಗ್ಗಿತು, ಕಲಿಸುವ ಕೆಲಸ ಬಿಟ್ಟಳು, ದಡದಲ್ಲಿ ನಿಂತು ಸೀಟಿ ಎಸೆದು "ನಿನ್ನ ಮೌನವೇ ನನಗೆ ಸಾಕು" ಅಂದಳು. ಮುಗಿಯಿತು. ಎರಡನೆಯ ಸೀಟಿ ಇರಲೇ ಇಲ್ಲ.

ಸಂಜೆ ಮನೆಯಲ್ಲಿ ಇದನ್ನು ಹೇಳಿದಾಗ ಲಿಫ್ಟಿನವಳು ಊಟ ನಿಲ್ಲಿಸಿದಳು.

"ಸೀಟಿ ಇಲ್ದೆ ಈಜು ಹೇಗೆ ಕಲಿಸ್ತಾಳೆ?"

"ಕಲಿಸಲ್ಲ. ಬಿಟ್ಟಳು ಅಂದ್ನಲ್ಲ."

"ನೀನು ನಂಗೆ ಸಿಳ್ಳೆ ಬಿಡು ಅಂತ ಯಾವತ್ತಾದ್ರೂ ಹೇಳಿದ್ದೀಯಾ?"

"ದಿನಾ ಹೇಳ್ತೀನಿ."

"ನಾನು ಬಿಟ್ಟಿದ್ದೀನಾ?"

"ಎಲ್ಲಿ ಬಿಟ್ಟೆ?"

"ಮತ್ತೆ?" ಲಿಫ್ಟಿನವಳ ಮುಖ ಕೆಂಪಾಗಿತ್ತು. "ಅವಳ ಮೂಗುದಾರ ಹಿಡಿದು ತಂದು ಕಟ್ಟಿಹಾಕಿ, ಇದನ್ನ ಪ್ರೀತಿ ಅಂತಾರಾ? ಹೊಲಿಯೋಳು ನೀನೇ ತಾನೆ? ನಾವು ಓದಿದ ಹಾಗೇ ಹೊಲಿದುಬಿಡು. ಯಾರಿಗೆ ಗೊತ್ತಾಗುತ್ತೆ?"

ಗೋಂದಕ್ಕನಿಗೆ ಆಸೆಯಾಗಲಿಲ್ಲ ಎಂದಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದಳು. "ಗೊತ್ತಿದ್ದೂ ತಪ್ಪು ಕಟ್ಟೋದು ನನ್ನ ಕೈಲಾಗಲ್ಲ ಕಣೇ," ಅಂದಳು. "ಕಥೆ ಬರೆದೋಳು ಬರೆದಿದ್ದು ಹಾಗೆ. ಬೇಡ ಅನ್ನಿಸಿದ್ರೆ ಬೇಡ ಅಂತ ಮುಖಕ್ಕೇ ಹೇಳ್ಬೇಕು."

ಹೇಳುವುದಕ್ಕೆ ಜಾಗವಿತ್ತು. ಆ ಗ್ರಂಥಾಲಯದ ಪ್ರತಿ ಪುಸ್ತಕದ ಕೊನೆಗೂ ಓದುಗರು ಅಭಿಪ್ರಾಯ ಬರೆಯಲು ಒಂದು ಹಾಳೆ ಅಂಟಿಸುತ್ತಾರೆ. ಹೊಸದಾಗಿ ಕಟ್ಟಿದ ಪುಸ್ತಕದ ಖಾಲಿ ಹಾಳೆಯಲ್ಲಿ ಮೊದಲು ಬರೆಯಲು ಜನ ಹಿಂಜರಿಯುತ್ತಾರೆಂದು, ಕಟ್ಟಿದವರೇ ಮೊದಲ ಸಾಲು ಬರೆದು ಸಹಿ ಮಾಡುವ ಪದ್ಧತಿ. ಅವಳಿಗೆ ಕೆಲಸ ಕಲಿಸಿದ ಮುದುಕ ಹಾಕಿಕೊಟ್ಟದ್ದು. ಇಷ್ಟು ವರ್ಷ ಗೋಂದಕ್ಕ ಬರೆದದ್ದು "ಹೊಲಿಗೆ ಗಟ್ಟಿ, ಕಥೆಯೂ ಗಟ್ಟಿ," "ಹೊಲಿಗೆ ಗಟ್ಟಿ, ಕಥೆ ನೋಡಿಕೊಳ್ಳಿ" ಎಂಬಂಥ ಸಾಲುಗಳನ್ನು. ಓದುಗರು ಅದಕ್ಕೆ ನಗುತ್ತಿದ್ದರು.

ಮರುದಿನ ಅವಳು ಸರಿಯಾದ ಸರದಿಯಲ್ಲೇ ಹೊಲಿದಳು. ಸಿಟ್ಟಿನಲ್ಲಿ ದಾರ ಎರಡು ಸಲ ತುಂಡಾಯಿತು. ಮಧ್ಯಾಹ್ನ ಗ್ರಂಥಪಾಲಕಿ ಇಳಿದು ಬಂದಳು. ಒಳ್ಳೆಯ ಹೆಂಗಸು. ಸಮಿತಿಯವರ ಕೈಕಾಲು ಹಿಡಿದು ಎಲ್ಲಿಂದಲೋ ಆ ಹಳೆಯ ಪ್ರತಿ ತರಿಸಿದ್ದವಳೇ ಅವಳು.

"ಗೋಂದಕ್ಕ, ಇದಕ್ಕೆ ನಾಲ್ಕು ಒಳ್ಳೆ ಮಾತು ಬರೀರಿ," ಅಂದಳು. "ಸಮಿತಿಯವರು ಈ ಹಾಳೆ ನೋಡೇ ಮುಂದಿನ ಪುಸ್ತಕ ತರಿಸೋದು. ಇಂಥದ್ದು ಇರೋದೇ ಒಂದು."

"ಮೇಡಂ, ಚೆನ್ನಾಗಿಲ್ಲ ಇದು."

"ಇರ್ಲಿ ಬಿಡಿ. ಒಂದೇ ಒಂದು ಇದೆಯಲ್ಲ."

"ಒಂದೇ ಅಂತ ಹಳಸಿದ್ದನ್ನ ಬಡಿಸಿ, ರುಚಿ ಅನ್ನು ಅಂದ್ರೆ ಹೇಗೆ ಮೇಡಂ? ಇರೋ ಒಂದರಲ್ಲೂ ಸುಳ್ಳು ಹೇಳಿದ್ರೆ?"

"ಸುಳ್ಳು ಅಂತ ನಿಮಗೆ ಹೇಗೆ ಗೊತ್ತು?"

ಗ್ರಂಥಪಾಲಕಿ ಕೆಣಕಲು ಕೇಳಿದ್ದಲ್ಲ, ಸುಮ್ಮನೆ ಕೇಳಿದ್ದಳು. ಆದರೆ ಗೋಂದಕ್ಕ ಬ್ರಷ್ ಕೆಳಗಿಟ್ಟಳು. ಉತ್ತರ ಇದ್ದದ್ದು ಒಂದೇ. ಅದನ್ನು ಬಿಟ್ಟು ಉಳಿದದ್ದೆಲ್ಲ "ಹೊಲಿಗೆ ಗಟ್ಟಿ" ಅಷ್ಟೇ. ಅವಳ ಕೆಲಸ ವರ್ಷಕ್ಕೊಮ್ಮೆ ಮುಂದುವರಿಯುವಂಥದ್ದು, ಮುಂದುವರಿಸುವವರು ಅದೇ ಸಮಿತಿಯವರು. ಆದರೂ ಹೆದರಿಕೆಗಿಂತ ಸಿಟ್ಟೇ ಒಂದು ಕೈ ಮೇಲಾಗಿತ್ತು.

ಕೈ ಒರೆಸಿಕೊಂಡು, ಪೆನ್ನು ತೆಗೆದುಕೊಂಡು, ಗ್ರಂಥಪಾಲಕಿಯ ಎದುರಿಗೇ ಬರೆದಳು.

"ಹೊಲಿಗೆ ಗಟ್ಟಿ. ಕಥೆ ಆರನೆಯ ಅಧ್ಯಾಯದಿಂದ ಎಂಟನೆಯದರವರೆಗೆ ಚೆನ್ನಾಗಿದೆ, ಮಿಕ್ಕದ್ದು ಸುಳ್ಳು. ಲಿಫ್ಟ್ ರಿಪೇರಿ ಮಾಡುವ ಹೆಂಗಸಿನ ಜೊತೆ ನಾನು ಹದಿನಾಲ್ಕು ವರ್ಷಗಳಿಂದ ಸಂಸಾರ ಮಾಡುತ್ತಿದ್ದೇನೆ. ಅವಳು ನನ್ನ ದೊಡ್ಡಮ್ಮನ ಮಗಳಲ್ಲ. ಅವಳದು ಸದ್ದು, ನನಗೆ ಸದ್ದಾಗದು. ಅವಳು ನನಗಾಗಿ ಸಿಳ್ಳೆ ಬಿಟ್ಟಿಲ್ಲ, ನಾನು ಅವಳಿಗಾಗಿ ಬೈಗುಳ ಬಿಟ್ಟಿಲ್ಲ. ಈಜು ಕಲಿಸುವವಳಿಗೆ ಅವಳ ಸೀಟಿ ವಾಪಸ್ ಕೊಡಿ. ಇದು ಚೆನ್ನಾಗಿಲ್ಲ ಎಂದು ಇಂಥ ಪುಸ್ತಕ ನಿಲ್ಲಿಸಬೇಡಿ. ಇನ್ನೂ ಹತ್ತು ತರಿಸಿ. ಕೆಟ್ಟ ಪುಸ್ತಕಗಳು ಎಲ್ಲ ಕಪಾಟಿನಲ್ಲೂ ಇವೆ, ನಾನೇ ಕಟ್ಟಿದ್ದೇನೆ."

ಕೆಳಗೆ, ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ, ಸಂಬಳದ ಪಟ್ಟಿಯಲ್ಲಿದ್ದ ಹೆಸರನ್ನು ಪೂರ್ತಿಯಾಗಿ ಬರೆದಳು.

ಗ್ರಂಥಪಾಲಕಿ ತಲೆಕೆಳಗಾಗಿಯೇ ಓದುತ್ತಾ ನಿಂತಿದ್ದವಳು, ಆಮೇಲೆ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಮೊದಲಿನಿಂದ ಓದಿದಳು. "ಸಮಿತಿಯವರು ಓದ್ತಾರೆ ಇದನ್ನ," ಅಂದಳು ಕೊನೆಗೆ.

"ಓದ್ಲಿ ಅಂತಾನೇ ಬರ್ದಿದ್ದು."

"ಈ ಹಾಳೆ ತೆಗೆದು ಬೇರೆ ಅಂಟಿಸಬಹುದು. ಗೋಂದು ಇನ್ನೂ ಹಸಿಯಿದೆ."

"ಒಣಗ್ತಿದೆ ಮೇಡಂ," ಅಂದು ಗೋಂದಕ್ಕ ಪುಸ್ತಕ ಮುಚ್ಚಿ, ಕಬ್ಬಿಣದ ಒತ್ತುಯಂತ್ರದಲ್ಲಿಟ್ಟು ಹಿಡಿ ತಿರುಗಿಸಿದಳು.

ಹನ್ನೆರಡು ದಿನಗಳ ನಂತರ ಸಮಿತಿ ಸೇರಿತು. ಪುಸ್ತಕ ಕೈಯಿಂದ ಕೈಗೆ ಹೋಯಿತಂತೆ, ಕೊನೆಗೆ ವಿಷಯವನ್ನು ಮುಂದಿನ ಸಭೆಗೆ ಹಾಕಿದರಂತೆ. ಅವಳ ಕೆಲಸದ ವಿಷಯವನ್ನೂ ಅದರ ಜೊತೆಗೇ ಹಾಕಿದರು. ಗೋಂದಕ್ಕ ಒಂದು ಪದಕೋಶ ಬಿಚ್ಚಿಕೊಂಡು ಕೂತಳು.

ಅದೇ ವಾರ ಲಿಫ್ಟ್ ಕೆಟ್ಟಿತು. ಲಿಫ್ಟಿನವಳು ಬೆಳಗ್ಗೆಯೇ ಬಂದು ಮೇಲೆ ಹತ್ತಿದ್ದಳು. ಹನ್ನೊಂದರ ಹೊತ್ತಿಗೆ ಸಿಳ್ಳೆ ಶುರುವಾಯಿತು. ಲಿಫ್ಟಿನ ಬಾವಿಯೊಳಗಿಂದ ಅದು ಮೂರೂ ಮಹಡಿಗಳಿಗೆ ಕೇಳುತ್ತಿತ್ತು, ನೆಲಮಾಳಿಗೆಗೂ ಇಳಿಯುತ್ತಿತ್ತು. ಮೊದಲೆಲ್ಲ ಇಂಥ ಹೊತ್ತಿನಲ್ಲಿ ಗ್ರಂಥಪಾಲಕಿ ಬಂದು "ನಿಮ್ಮ ದೊಡ್ಡಮ್ಮನ ಮಗಳಿಗೆ ಸ್ವಲ್ಪ ಹೇಳಿ" ಅನ್ನುವಳು. ಗೋಂದಕ್ಕ ಓಡಿಹೋಗಿ ಕಣ್ಣು ಕೆಂಪಗೆ ಮಾಡುವಳು.

ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಗ್ರಂಥಪಾಲಕಿ ಬಾಗಿಲಲ್ಲಿ ಬಂದು ನಿಂತಳು.

"ಗೋಂದಕ್ಕ, ಮೇಲೆ ಓದೋರು ಗೊಣಗ್ತಿದ್ದಾರೆ. ನಿಮ್ಮ..." ಅಂದು ನಿಂತಳು. ಒಂದು ಕ್ಷಣ ಮೇಜಿನ ಮೇಲಿನ ದಾರದ ಉಂಡೆಯನ್ನು ನೋಡಿದಳು. "ನಿಮ್ಮ ಮನೆಯವರಿಗೆ ಸ್ವಲ್ಪ ಹೇಳಿ."

ಗೋಂದಕ್ಕ ತಲೆ ಎತ್ತಿದಳು.

"ಹದಿನಾಲ್ಕು ವರ್ಷದಿಂದ ಹೇಳ್ತಾನೇ ಇದ್ದೀನಿ ಮೇಡಂ," ಅಂದಳು. "ಕೇಳಲ್ಲ."

ಮೇಲೆ ಸಿಳ್ಳೆ ಒಂದು ಹಾಡು ಮುಗಿಸಿ, ಉಸಿರು ತೆಗೆದುಕೊಂಡು, ಇನ್ನೊಂದಕ್ಕೆ ಹೋಯಿತು. ಗೋಂದಕ್ಕ ಸೂಜಿಗೆ ಹೊಸ ದಾರ ಪೋಣಿಸಿ, ಮುಂದಿನ ಫಾರಂ ಎತ್ತಿಕೊಂಡಳು.