ಮೇಕೆಗೆ ಹೇಳಿದ ಮಾತು

ಚರಂಡಿ ಸೊಟ್ಟಗಿತ್ತು. ಅದನ್ನು ಹೇಳಲು ಇಂಜಿನಿಯರ್ ಬೇಕಿರಲಿಲ್ಲ, ಕಣ್ಣಿದ್ದರೆ ಸಾಕಿತ್ತು. ಯಳಂದೂರು ರಸ್ತೆಯಿಂದ ನೆಟ್ಟಗೆ ಬಂದ ಸಿಮೆಂಟ್ ಚರಂಡಿ ಯಜಮಾನ ಮುತ್ತಯ್ಯನವರ ಜಗಲಿ ಹತ್ತಿರವಾಗುತ್ತಲೇ ಮೈ ಬಳುಕಿಸಿ ಎದುರು ಸಾಲಿಗೆ ದಾಟಿ, ಶಾಂತರಾಜುವಿನ ಮನೆ ಬಾಗಿಲ ಮುಂದೆ ಬಂದು ನಿಂತಿತ್ತು. ಬೀದಿಯ ಕೊಳೆಯೆಲ್ಲ ಅಲ್ಲಿ ಮಡುಗಟ್ಟುತ್ತಿತ್ತು.

ಶಾಂತರಾಜು ಪಂಚಾಯ್ತಿ ಆಫೀಸಿಗೆ ಅರ್ಜಿ ಕೊಡುತ್ತೇನೆ ಎಂದಿದ್ದೇ ತಡ, ಮಾದಪ್ಪನ ಗುಡಿ ಮುಂದೆ ಕುಲದವರ ಸಭೆ ಸೇರಿತು. ಮುತ್ತಯ್ಯನವರು ಒಬ್ಬೊಬ್ಬರನ್ನೇ ಕೇಳಿದರು.

"ಚರಂಡಿ ನೆಟ್ಟಗದೋ, ಸೊಟ್ಟಗದೋ? ಕಂಡಂಗೆ ಯೋಳಿ."

"ನೆಟ್ಟಗದೆ" ಎಂದ ಮೊದಲನೆಯವನು. ಪಕ್ಕದವನೂ ಅದನ್ನೇ ಅಂದ. ಅವನ ಪಕ್ಕದವನು ಒಮ್ಮೆ ಚರಂಡಿಯ ಕಡೆ ತಿರುಗಿ ನೋಡಿ, "ನೆಟ್ಟಗೇ ಅದೆ" ಎಂದು ಇನ್ನಷ್ಟು ಒತ್ತಿ ಹೇಳಿದ. ಹೆಂಗಸರ ಸಾಲಿಗೆ ಬರುವ ಹೊತ್ತಿಗೆ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ. ಶಾಂತರಾಜುವಿನ ಎದುರು ಮನೆಯ ಸೊಸೆ ಮೀನಾಳೂ "ನೆಟ್ಟಗದೆ" ಅಂದಳು. ಅನ್ನುವಾಗ ಅವಳ ಕಣ್ಣಿಗೆ ಅದು ನಿಜಕ್ಕೂ ಅಷ್ಟೇನೂ ಸೊಟ್ಟಗೆ ಕಾಣಲಿಲ್ಲ.

ಶಾಂತರಾಜು ಎದ್ದು ನಿಂತ. "ಸೊಟ್ಟಗದೆ. ಯಜಮಾನ್ರು ಸುಳ್ಳು ಯೋಳುಸ್ತಾವ್ರೆ."

ಸುಳ್ಳು ಎಂಬ ಮಾತನ್ನು ಯಜಮಾನರ ಮುಖಕ್ಕೆ ಅಲ್ಲಿಯತನಕ ಯಾರೂ ಅಂದಿರಲಿಲ್ಲ. ಕಾಲಿಗೆ ಬಿದ್ದು ತಪ್ಪಾಯಿತು ಅನ್ನು ಎಂದರು ಮುತ್ತಯ್ಯನವರು. ಅವನು ಬೀಳಲಿಲ್ಲ.

"ಅಂಗಾದ್ರೆ ಇವತ್ತಿಂದ ಆ ಮನೇರ ಜೊತೆ ಯಾರೂ ಮಾತಾಡಂಗಿಲ್ಲ. ಮಾತಾಡುದೋರ್ಗೂ ಅದೇ ಗತಿ. ಏನಂದೀರಿ?"

ಎಲ್ಲರೂ ಹೂಂ ಅಂದರು. ಅದರಲ್ಲಿ ಮೀನಾಳ ಹೂಂ ಕೂಡ ಇತ್ತು. ಅವಳ ಪಕ್ಕದಲ್ಲೇ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದ ರತ್ನಿಗೆ ಅದು ಕೇಳಿಸಿತು.

ರತ್ನಿ ಎಂದರೆ ಶಿವರತ್ನಮ್ಮ, ಶಾಂತರಾಜುವಿನ ಹೆಂಡತಿ. ಅವಳೂ ಮೀನಾಳೂ ಹನೂರು ದಾಟಿ ತಮಿಳುನಾಡಿನ ಗಡಿ ಕಡೆಯ ಒಂದೇ ಊರಿನವರು. ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ಬೀದಿಗೆ ಸೊಸೆಯರಾಗಿ ಬಂದವರು. ತವರಿನಲ್ಲಿ ಅರ್ಧ ಮಾತು ಕನ್ನಡ, ಅರ್ಧ ತಮಿಳು. ಈ ಊರಿನವರು ಅದನ್ನು ಕೇಳಿ ನಗುತ್ತಾರೆಂದು ಇಬ್ಬರೂ ಬೇಗ ಇಲ್ಲಿನ ಮಾತು ಕಲಿತರು. ಆದರೆ ಬೆಳಿಗ್ಗೆ ನಲ್ಲಿಗೆ ಹೋಗುವಾಗ ರತ್ನಿ ಬಿಂದಿಗೆ ಹಿಡಿದು ಮೀನಾಳ ಬಾಗಿಲಲ್ಲಿ ನಿಂತು, "ವಾಡಿ" ಅನ್ನುತ್ತಿದ್ದಳು. ಬಾರೇ ಎಂಬುದಕ್ಕೆ ಅವರೂರಿನ ಮಾತು. ಆ ಒಂದು ಮಾತಿಗೆ ಮೀನಾ ಒಲೆ ಮೇಲಿನ ಸಾರನ್ನೂ ಬಿಟ್ಟು ಓಡುತ್ತಿದ್ದಳು. ಗಂಡ ಪ್ರಭುಸ್ವಾಮಿ ಕರೆದರೆ ಅಷ್ಟು ಬೇಗ ಎದ್ದವಳಲ್ಲ.

ಸಭೆಯ ಮರುದಿನದಿಂದ ಬಾಗಿಲಲ್ಲಿ ಆ ಮಾತಿಲ್ಲ. ಫೋನು ಮಾಡೋಣವೆಂದರೆ ಅದು ಗಂಡನ ಜೇಬಿನಲ್ಲಿ. ಅವನೋ ಬೆಳಗಾದರೆ ಕೊಳ್ಳೇಗಾಲಕ್ಕೆ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ರತ್ನಿಯ ನಂಬರನ್ನು ಅವನೇ ಅಳಿಸಿದ್ದ. ಬೀದಿ ದಾಟಿದರೆ ಅವಳ ಮನೆ. ಅವಳು ಕೆಮ್ಮಿದರೂ ಇಲ್ಲಿಗೆ ಕೇಳುತ್ತಿತ್ತು. ಕೆಮ್ಮಿದಾಗಲೆಲ್ಲ ಮೀನಾ ಕಿವಿ ಕೊಡುತ್ತಿದ್ದಳು, ಕೆಮ್ಮಿನ ಹಿಂದೆ ಮಾತೇನಾದರೂ ಬಂದೀತೇ ಎಂದು.

ಒಂದು ಬೆಳಿಗ್ಗೆ ರತ್ನಿ ಕಂಬಳಿ ಸುತ್ತಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಯಳಂದೂರು ಬಸ್ಸಿಗೆ ಹೋದದ್ದನ್ನು ಮೀನಾ ನೋಡಿದಳು. ಮಧ್ಯಾಹ್ನ ವಾಪಸ್ಸು ಬಂದದ್ದನ್ನೂ ನೋಡಿದಳು. ತಡೆಯಲಾಗಲಿಲ್ಲ. ಎರಡು ಮನೆಗಳ ನಡುವಿನ ಲೈಟ್ ಕಂಬಕ್ಕೆ ಅವಳ ಮೇಕೆ ಕಟ್ಟಿತ್ತು. ಅದಕ್ಕೆ ಹಿಪ್ಪುನೇರಳೆ ಕಡ್ಡಿ ಹಾಕಿ, ಅದರ ಮುಖವನ್ನೇ ನೋಡುತ್ತಾ ಗಟ್ಟಿಯಾಗಿ ಕೇಳಿದಳು.

"ಮಗೀಗೆ ಜ್ವರ ಬುಡ್ತಾ?"

ಮೇಕೆ ಇನ್ನೂ ಮರಿಯನ್ನೇ ಹಾಕಿರಲಿಲ್ಲ. ಎದುರು ಬಾಗಿಲಲ್ಲಿ ಗುಡಿಸುತ್ತಿದ್ದ ರತ್ನಿಯ ಪೊರಕೆ ನಿಂತಿತು.

"ಬುಡ್ತು ಕಣಮ್ಮಿ" ಎಂದು ರತ್ನಿ ಪೊರಕೆಗೆ ಹೇಳಿದಳು. "ಸೂಜಿ ಚುಚ್ಚುದ್ರು. ಮಾತ್ರೆ ಕೊಟ್ಟವ್ರೆ."

ಆಮೇಲೆ ಕಂಬದ ತನಕ ಬಂದು ಮೇಕೆಯ ಕೊಂಬಿನ ಬುಡ ಕೆರೆದಳು. "ವಾಡಿ" ಅಂದಳು ಅದರ ಕಿವಿಗೆ. "ನಿನ್ನ ಮಾತ ಕೇಳಿ ಎಷ್ಟ್ ದಿನ ಆಗಿತ್ತು."

ಮೀನಾ ಒಳಗೆ ಹೋಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅತ್ತೆ ದೊಡ್ಡಬಸಮ್ಮನಿಗೆ ಇದು ಗೊತ್ತಾಗಲು ತಡವಾಗಲಿಲ್ಲ. "ಮೇಕೆ ಜೊತೆ ಏನೇ ನಿಂದು ಪಂಚಾಯ್ತಿ? ಮನೆ ತೆಗೀಬೇಕಂತಿದ್ದೀಯಾ?" ಎಂದು ಬೈದಳು. ಕೆಲವು ದಿನ ಕಳೆದ ಮೇಲೆ ಅವಳೇ ಜಗಲಿಯಲ್ಲಿ ಕೂತು ಕೋಳಿಯನ್ನು ವಿಚಾರಿಸುತ್ತಿದ್ದಳು. "ಏನ್ ಕೋಳಿ, ಎದುರು ಮನೇವ್ಳು ಉಪ್ಪಿನಕಾಯ್ಗೆ ಮೆಂತ್ಯ ಉರಿದಾಕ್ತಾಳಾ, ಅಸೀದೇ ಆಕ್ತಾಳಾ?"

"ಉರಿದು ಅಂತ ಯೋಳು ಕೋಳಿ" ಎಂದು ಆ ಕಡೆಯಿಂದ ಉತ್ತರ ಬಂತು. "ಅವಮ್ಮ ಆಕೋ ಅಷ್ಟು ಉಪ್ಪು ಮಾತ್ರ ಆಕಲ್ಲ ಅಂತ್ಲೂ ಯೋಳು."

ಬೀದಿಯೆಲ್ಲ ನಕ್ಕಿತು. ನಕ್ಕವರೂ ಕಲಿತರು. ಸೈಕಲ್ಲಿಗೆ, ಎತ್ತಿಗೆ, ಮೋಟರ್ ಪಂಪಿಗೆ ಮಾತು ಹೇಳತೊಡಗಿದರು. ಮುತ್ತಯ್ಯನವರು ಕೂಡ, ಶಾಂತರಾಜು ಗದ್ದೆಗೆ ಹೋಗುವಾಗ, ತಮ್ಮ ಊರುಗೋಲಿಗೆ ಹೇಳುತ್ತಿದ್ದರು. "ನಾಳೀಕೆ ಕರೆಂಟು ಬೆಳಿಗ್ಗೇನೇ ಬತ್ತದಂತೆ ಕಣ್ಲಾ ಕೋಲು. ನೀರ್ ಕಟ್ಟೋರು ಬ್ಯಾಗ ಕಟ್ಕೊಬೇಕು."

ಶಾಂತರಾಜು ಮಾತ್ರ ಒಂದು ಸಲವೂ ಉತ್ತರ ಕೊಡಲಿಲ್ಲ. ಕೋಲಿಗೂ ಇಲ್ಲ, ಕೋಳಿಗೂ ಇಲ್ಲ. ಹೆಂಡತಿ ಕಂಬದ ಹತ್ತಿರ ನಗುತ್ತಾ ನಿಂತರೆ ಅವನು ಬಾಗಿಲು ಹಾಕಿಕೊಳ್ಳುತ್ತಿದ್ದ.

ದೀಪಾವಳಿ ಕಳೆದ ಮೇಲೆ ರತ್ನಿ ಮೇಕೆಗೆ ಸುದ್ದಿ ಹೇಳಿದಳು. ಅವತ್ತು ಅವಳು ನಗಲಿಲ್ಲ.

"ಸ್ವಾಮಾರ ಓಯ್ತೀವಿ ಕಣಮ್ಮಿ. ಕೊಳ್ಳೇಗಾಲ್ದಲ್ಲಿ ರೇಷ್ಮೆ ನೂಲು ತೆಗೆಯೋ ಕಡೆ ಇಬ್ರಿಗೂ ಕೆಲ್ಸ ಅದೆ. ಈ ಮೂಕ್ರ ಬೀದೀಲಿ ನಾನಿರಲ್ಲ ಅಂತಾವ್ರೆ ಇವ್ರು." ಮೇಕೆಯ ಬೆನ್ನು ಸವರಿದಳು. "ನಂಗೆ ಓಗಕ್ಕೆ ಇಷ್ಟ ಇಲ್ಲ. ಯಾರಾದ್ರೂ ಒಬ್ರು ಮೊಕ ನೋಡಿ ಮಾತಾಡುದ್ರೆ ನಿಂತ್ಕೊಂಡಾರು. ಒಬ್ರು ಸಾಕು."

ಮೇಕೆ ಸೊಪ್ಪು ತಿನ್ನುತ್ತಿತ್ತು. ಮೀನಾಳ ಕೈಯೂ ಅದರ ಬೆನ್ನಿನ ಮೇಲಿತ್ತು. ಗೇಣು ದೂರದಲ್ಲಿ ರತ್ನಿಯ ಕೈ. ಮೀನಾ ತಲೆ ಎತ್ತಲಿಲ್ಲ.

ಸಂಜೆ, ಅವರನ್ನು ಮಾತಾಡಿಸಲೇ ಎಂದು ಗಂಡನನ್ನು ಕೇಳಿದಳು. "ನಂಗೇನೂ ಇಲ್ಲ ಕಣೆ. ಒಳ್ಳೇವ್ನು ಶಾಂತರಾಜು. ಆದ್ರೆ ಮಿಕ್ಕೋರು ಸುಮ್ನೆ ಬುಟ್ಟಾರಾ?" ಎಂದ. ಅತ್ತೆಯನ್ನು ಕೇಳಿದಳು. "ನಾನೇನ್ ಬ್ಯಾಡ ಅಂದೆನಾ? ಮಿಕ್ಕೋರು ನೋಡ್ಬೇಕಲ್ಲವ್ವ" ಎಂದಳು ಅತ್ತೆ. ನಲ್ಲಿಯಲ್ಲಿ ಕೇಳಿದಳು, ಅಂಗಡಿಯಲ್ಲಿ ಕೇಳಿದಳು. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಹುಡುಕಿದರೂ ಈ ಮಿಕ್ಕವರು ಯಾವ ಮನೆಯಲ್ಲಿದ್ದಾರೆಂದು ಗೊತ್ತಾಗಲಿಲ್ಲ. ಕೊನೆಗೆ ಮುತ್ತಯ್ಯನವರ ಜಗಲಿಗೇ ಹೋದಳು.

"ಮಾವಯ್ಯ, ರತ್ನಿ ಮನೇರು ಊರು ಬುಟ್ಟು ಓಯ್ತಾವ್ರೆ."

"ಕೇಳ್ದೆ ಕಣವ್ವ." ಮುದುಕ ಕೋಲಿನ ತುದಿಯಿಂದ ನೆಲ ಕೆದಕಿದ. "ನನ್ನ ಎತ್ತಿಗೆ ಕಾಯ್ಲೆ ಆದಾಗ ರಾತ್ರೆಲ್ಲ ಕೂತಿದ್ದೋನು ಅವ್ನು. ನಂಗೇನ್ ಅವ್ನು ಓಗ್ಲಿ ಅಂತದಾ?"

"ನೀವೊಂದ್ ಮಾತು ಯೋಳುದ್ರೆ..."

"ನಾನೆಂಗ್ ಯೋಳ್ಳಿ? ಊರೋರೆಲ್ಲ ಹೂಂ ಅಂದು ಮಾಡುದ್ದು. ನಾನೇ ಮೊದ್ಲು ಮಾತಾಡ್ಸುದ್ರೆ ಮಿಕ್ಕೋರು ಏನಂದಾರು? ನಾಳೀಕೆ ನನ್ನ ಮಾತ ಯಾವನ್ ಕೇಳ್ತಾನೆ?"

ಅಲ್ಲೂ ಮಿಕ್ಕವರೇ. ಮೀನಾ ಎದ್ದು ಬಂದಳು. ಬರುವಾಗ ಚರಂಡಿ ದಾಟಬೇಕಾಯಿತು.

ಸೋಮವಾರ ಗೂಡ್ಸ್ ಆಟೋ ಬಂತು. ಮಂಚ, ಪಾತ್ರೆ ಮೂಟೆ, ಟಿವಿ ಏರಿದವು. ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಒಬ್ಬ ಆಟೋದ ಟೈರು ತಟ್ಟಿ "ನಿಧಾನಕ್ಕೆ ಓಗಪ್ಪ" ಎಂದ. ದೊಡ್ಡಬಸಮ್ಮ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು "ಅಬ್ಬಕ್ಕಾದ್ರೂ ಬಾ ಅಂತ ಯೋಳು ಕೋಳಿ" ಎಂದು ಅಳುತ್ತಿದ್ದಳು. ಮುತ್ತಯ್ಯನವರು ಕೋಲನ್ನು ಎರಡು ಕೈಯಲ್ಲೂ ಊರಿಕೊಂಡು ನಿಂತಿದ್ದರು. ಶಾಂತರಾಜು ಡ್ರೈವರ್ ಪಕ್ಕ ಕೂತು ಮುಂದಕ್ಕೆ ನೋಡುತ್ತಿದ್ದ. ರತ್ನಿ ಮಗುವನ್ನು ಎತ್ತಿಕೊಂಡು ಹಿಂದೆ ಮೂಟೆಗಳ ನಡುವೆ ಹತ್ತಿ ಕೂತಳು. ಕೂತು ಮೀನಾಳನ್ನು ನೋಡಿದಳು.

ಆಟೋ ಸ್ಟಾರ್ಟ್ ಆಯಿತು.

"ರತ್ನಿ!" ಎಂದಳು ಮೀನಾ. ಅಷ್ಟು ಜೋರಾಗಿ ಕೂಗುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. "ಓಗ್ಬ್ಯಾಡ ಕಣೆ. ಇಳಿ. ವಾಡಿ!"

ಎಲ್ಲರೂ ಮುತ್ತಯ್ಯನವರನ್ನು ನೋಡಿದರು. ಮುತ್ತಯ್ಯನವರು ಎಲ್ಲರನ್ನೂ ನೋಡಿದರು. ಯಾರಾದರೂ ಏನಾದರೂ ಅನ್ನಲಿ ಎಂದು ಮೀನಾ ಕಾದಳು. ಕೋಳಿ ಒಮ್ಮೆ ರೆಕ್ಕೆ ಬಡಿಯಿತು. ಏನೂ ಆಗಲಿಲ್ಲ. ಇಷ್ಟು ತಿಂಗಳು ಹೆದರಿದ್ದು ಇದಕ್ಕೆ. ಅದು ಏನೂ ಅಲ್ಲದೆ ಮುಗಿದುಹೋಯಿತು.

ಮರುಕ್ಷಣ ದೊಡ್ಡಬಸಮ್ಮ, "ಅಯ್ಯೋ ರತ್ನಮ್ಮ, ಇಳಿಯೇ ತಾಯಿ" ಎಂದಳು. "ಶಾಂತರಾಜಣ್ಣ, ನಿಲ್ಸಣ್ಣ" ಎಂದು ಇನ್ನಾರೋ ಕೂಗಿದರು. ಬೀದಿಯ ಬಾಯೆಲ್ಲ ಒಟ್ಟಿಗೇ ತೆರೆದುಕೊಂಡಿತು. "ಓಡ್ಸಯ್ಯ" ಎಂದ ಶಾಂತರಾಜು ಡ್ರೈವರಿಗೆ.

ರತ್ನಿ ಮೀನಾಳ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಣ್ಣು ತಿರುಗಿಸಿ, ಕಂಬಕ್ಕೆ ಕಟ್ಟಿದ್ದ ಮೇಕೆಗೆ ಹೇಳಿದಳು.

"ಈ ಮಾತ ಯೋಳಕ್ಕೆ ಇಷ್ಟ್ ದಿನ ಬೇಕಾಯ್ತಾ ಅಂತ ಕೇಳಮ್ಮಿ ಅವ್ಳ."

ಆಟೋ ಕೊಳ್ಳೇಗಾಲದ ಕಡೆ ತಿರುಗಿತು. ಜನ ಇನ್ನೂ ಮಾತಾಡುತ್ತಲೇ ಇದ್ದರು. ಮೇಕೆ ಕತ್ತೆತ್ತಿ ಮೀನಾಳನ್ನು ನೋಡುತ್ತಾ ನಿಂತಿತ್ತು. ಅದರ ಪರವಾಗಿ ಇಷ್ಟು ದಿನ ಉತ್ತರ ಕೊಟ್ಟವಳು ಅವಳೇ.